ಹಾವು ನಮ್ಮದು, ನುಸಿ ಯಾರದ್ದು?

ಹಾವು ಮನೆಗೆ ಬಂದು ಐದು ದಿನವಾಗಿತ್ತು. ಅದು ನೀರಿನ ಬಟ್ಟಲು ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ.

ಹಾವು ಎಂದರೆ ಬಾಲ್ ಪೈಥಾನ್. ಹೆಬ್ಬಾವಿನ ಕುಲದ್ದೇ, ಆದರೆ ಬೆಳೆದರೂ ಸಾಮಾನ್ಯವಾಗಿ ನಾಲ್ಕೈದು ಅಡಿ ದಾಟುವುದಿಲ್ಲ. ವಿಷವಿಲ್ಲ. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಹೆಸರು ಬಂದದ್ದು ಅದರಿಂದ. ವಿಡಿಯೋ ಕಾಲಿನಲ್ಲಿ ನೋಡಿದ ಅಮ್ಮ, "ಇದೆಂತ ಮಾರಾಯ್ತಿ, ಎಳ್ಳುಂಡೆಯ ಹಾಗೆ ಉಂಟಲ್ಲ" ಎಂದದ್ದೇ ತಡ, ಮಗ ಅದಕ್ಕೆ ಉಂಡೆ ಎಂದು ಹೆಸರಿಟ್ಟುಬಿಟ್ಟ. ಹದಿಮೂರು ವರ್ಷದ ಅವನಿಗೆ ಬರುವ ಕನ್ನಡ ಪದಗಳಲ್ಲಿ ತಿಂಡಿಯವೇ ಹೆಚ್ಚು.

ಸ್ಯಾನ್ ರಮೋನಿನಲ್ಲಿ ಹಾವೇನೂ ಅಪರೂಪವಲ್ಲ. ಬೇಸಿಗೆಯಲ್ಲಿ ಗುಡ್ಡದ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿದಾಗ ಲಾಸ್ ಟ್ರಾಂಪಾಸಿನ ಕಾಲುದಾರಿಗಳಲ್ಲಿ ರ‍್ಯಾಟಲ್‌ಸ್ನೇಕ್ ನೋಡಿಕೊಂಡು ನಡೆಯಬೇಕು. ಇದೇ ಗುಡ್ಡಗಳಲ್ಲಿರುವ ಅಲಮೀಡಾ ವಿಪ್‌ಸ್ನೇಕ್ ಎಂಬ ತೆಳ್ಳನೆಯ ಹಾವನ್ನು 1997ರಲ್ಲಿ ಸರ್ಕಾರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಒಂದು ಹಾವಿಗೆ ಕಾನೂನಿನ ಕಾವಲು. ಇನ್ನೊಂದನ್ನು ನಾವು ವಾರಾಂತ್ಯದ ಸಂತೆಯೊಂದರಲ್ಲಿ, ಮೊಸರಿನ ಡಬ್ಬಿಯಂಥದ್ದರಲ್ಲಿ ಹಾಕಿಸಿಕೊಂಡು, ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು.

ಆರನೆಯ ದಿನ ಬಟ್ಟಲು ತೊಳೆಯಲು ಎತ್ತಿದೆ. ಬಿಳಿ ತಳದಲ್ಲಿ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು. ಒಂದು ಚುಕ್ಕೆ ನಡೆಯಿತು.

ಮೂಡುಬಿದಿರೆ ಹತ್ತಿರದ ಹಳ್ಳಿಯಲ್ಲಿ ಬೆಳೆದವಳು ನಾನು. ನುಸಿ ಎಂಬ ಪದ ನನಗೆ ತೆಂಗಿನ ತೋಟದಿಂದ ಬಂದದ್ದು. 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ನಮ್ಮ ಕಡೆಗೂ ಹಬ್ಬಿದಾಗ, ಕಾಯಿಗಳ ತೊಟ್ಟಿನ ಬುಡದಲ್ಲಿ ಕಂದು ಪಟ್ಟೆ ಎದ್ದು, ಸಿಪ್ಪೆ ಬಿರುಕು ಬಿಟ್ಟು, ಕಾಯಿ ಮುಷ್ಟಿಯಷ್ಟಕ್ಕೇ ನಿಲ್ಲುತ್ತಿತ್ತು. ಅಪ್ಪ ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಕಲಸಿ ಮರ ಹತ್ತುವವನ ಕೈಯಲ್ಲಿ ಕೊಡುತ್ತಿದ್ದರು. ಕಣ್ಣಿಗೆ ಕಾಣದ ಎಷ್ಟು ಕೋಟಿ ಜೀವ ಹೋಯಿತೋ. ಅದು ಪಾಪವೇ ಎಂದು ಮನೆಯಲ್ಲಿ ಯಾರೂ ಕೇಳಿದ ನೆನಪಿಲ್ಲ. ತೆಂಗಿನಕಾಯಿಗೆ ಬೆಲೆಯೆಷ್ಟು ಎಂದು ಮಾತ್ರ ಕೇಳುತ್ತಿದ್ದೆವು.

ಇಲ್ಲಿ ಕೇಳಿದವನು ಮಗ. ಪಶುವೈದ್ಯೆಯ ಕೋಣೆಯಲ್ಲಿ, ಉಂಡೆಯ ಕಣ್ಣಿನ ಅಂಚಿನಿಂದ ಆಕೆ ಒದ್ದೆ ಹತ್ತಿಯಲ್ಲಿ ಒಂದೊಂದೇ ನುಸಿಯನ್ನು ತೆಗೆಯುತ್ತಿದ್ದಾಗ: "ಅಮ್ಮಾ, ಹಾವು ನಮ್ಮದು. ನುಸಿ ಯಾರದ್ದು?"

ಆಕೆ ಹೇಳಿದ್ದನ್ನು ಮೊದಲು ಹೇಳಿಬಿಡುತ್ತೇನೆ, ನನ್ನ ಗೊಂದಲವೆಲ್ಲ ಅದರ ಮೇಲೆಯೇ ನಿಂತಿದೆ. ಈ ನುಸಿಯ ಶಾಸ್ತ್ರೀಯ ಹೆಸರು ಓಫಿಯೋನಿಸಸ್ ನಾಟ್ರಿಸಿಸ್. ಮೊಟ್ಟೆಯ ನಂತರ ನಾಲ್ಕು ಅವಸ್ಥೆ. ಒಡೆದು ಬಂದ ಮರಿ ಏನೂ ತಿನ್ನುವುದಿಲ್ಲ. ಎರಡನೆಯದು ರಕ್ತ ಹೀರುತ್ತದೆ. ಮೂರನೆಯದು ಮತ್ತೆ ಉಪವಾಸ. ಬೆಳೆದದ್ದು ಮತ್ತೆ ರಕ್ತ. ಬೆಚ್ಚಗಿನ ಜಾಗದಲ್ಲಿ ಈ ಸುತ್ತು ಮುಗಿಯಲು ಎರಡು ಮೂರು ವಾರ ಸಾಕು. ಹೊಟ್ಟೆ ತುಂಬಿದ ಹೆಣ್ಣು ಹಾವಿನ ಮೈ ಬಿಟ್ಟು ಇಳಿದು ಯಾವುದಾದರೂ ತೇವದ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಹಾವಿನ ಮೈಮೇಲೆ ಕಾಣುವುದು ಸ್ವಲ್ಪ, ಉಳಿದದ್ದೆಲ್ಲ ಪೆಟ್ಟಿಗೆಯಲ್ಲಿ. ಹಾವು ದಿನವಿಡೀ ನೀರಿನಲ್ಲಿ ಕುಳಿತಿದ್ದು ಅವುಗಳನ್ನು ಮುಳುಗಿಸಲು. ಅದು ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ಕೆರೆದುಕೊಳ್ಳಲು ಕೈಯಿಲ್ಲದ ಪ್ರಾಣಿ.

ಮದ್ದು ಪರ್ಮೆಥ್ರಿನ್. ಸೇವಂತಿಗೆಯ ಸಂಬಂಧದ ಹೂವೊಂದರಲ್ಲಿರುವ ವಿಷವನ್ನು ನೋಡಿ ಕಾರ್ಖಾನೆಯಲ್ಲಿ ಮಾಡಿದ್ದು. ನುಸಿಯ ನರಗಳು ಒಮ್ಮೆ ಮಿಡಿದರೆ ನಿಲ್ಲದ ಹಾಗೆ ಮಾಡುತ್ತದೆ. ಅದು ನಡುಗಿ ನಡುಗಿ ಸಾಯುತ್ತದೆ. ಹಾವಿನ ಮೈಗೆ ಹಾಕಬಾರದು. ಪೆಟ್ಟಿಗೆಯೊಳಗಿನ ಮರದ ತುಂಡು, ಹಾಸು ಎಲ್ಲ ಕಟ್ಟಿ ಎಸೆದು, ಬಿಸಿನೀರಿನಲ್ಲಿ ತೊಳೆದು, ನೀರಿನ ಬಟ್ಟಲು ಹೊರಗಿಟ್ಟು ಸಿಂಪಡಿಸಿ, ಪೂರ್ತಿ ಒಣಗಿ ಗಾಳಿಯಾಡಿದ ಮೇಲೆ ಹಾವನ್ನು ಬಿಡಬೇಕು. ಹಾಸಿಗೆ ಬಿಳಿ ಪೇಪರ್ ಟವಲ್ ಮಾತ್ರ, ಕಪ್ಪು ಚುಕ್ಕೆ ಕಾಣಲಿ ಎಂದು. (ಎಸೆದ ಹಾಸು ತೆಂಗಿನ ನಾರಿನದ್ದು. ಅಪ್ಪನಿಗೆ ಹೇಳಿದ್ದರೆ ನಗುತ್ತಿದ್ದರು.) ಮತ್ತೆ, ಮೊಟ್ಟೆಗಳಿಗೆ ಈ ಮದ್ದು ಸರಿಯಾಗಿ ತಾಗುವುದಿಲ್ಲವಾದ್ದರಿಂದ, ಎರಡು ವಾರ ಬಿಟ್ಟು ಇನ್ನೊಮ್ಮೆ.

ಆ ರಾತ್ರಿಯೇ ಮೊದಲ ಸಲ ಸಿಂಪಡಿಸಿದೆ. ಯೋಚಿಸಲು ಪುರುಸೊತ್ತಿರಲಿಲ್ಲ. ಗರಾಜಿನ ಬಾಗಿಲು ತೆರೆದಿಟ್ಟು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೆಲಸ ಮುಗಿಸಿದೆ. ಉಂಡೆ ಬಚ್ಚಲಿನಲ್ಲಿ ಉಗುರುಬೆಚ್ಚಗಿನ ನೀರಿನ ಡಬ್ಬಿಯಲ್ಲಿತ್ತು, ಮಗ ಕಾವಲು. ನೀರಿನ ಮೇಲೆ ತೇಲಿದವನ್ನು ಅವನು ಎಣಿಸಲು ಹೊರಟು ಇನ್ನೂರರ ಹತ್ತಿರ ಬಿಟ್ಟುಬಿಟ್ಟ.

ಮಾರನೆಯ ದಿನ ನನ್ನ ಮಣಿಕಟ್ಟಿನಲ್ಲಿ ಕೆಂಪು ಗುಳ್ಳೆಗಳೆದ್ದವು. ಈ ನುಸಿ ಸಿಕ್ಕಿದರೆ ಮನುಷ್ಯರನ್ನೂ ಕಚ್ಚಿ ನೋಡುತ್ತದೆ. ಅಮ್ಮನಿಗೆ ತೋರಿಸಬಾರದಿತ್ತು, ತೋರಿಸಿದೆ. ನಮ್ಮೂರಲ್ಲಿ ಚರ್ಮಕ್ಕೆ ಏನಾದರೂ ಆಗಿ ವಾಸಿಯಾಗದಿದ್ದರೆ ಸರ್ಪದೋಷ ಎನ್ನುತ್ತಾರೆ. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿಯೋ ಸರ್ಪಸಂಸ್ಕಾರವೋ ಮಾಡಿಸಿ ಬರುತ್ತಾರೆ. ಅಮ್ಮ ಅದನ್ನೇ ಹೇಳುತ್ತಾರೆಂದು ಕಾದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮೈಗೆ ಎಂತಾದ್ರೂ ಆದ್ರೆ ನಾವು ನಾಗನ ಹತ್ತಿರ ಹೋಗ್ತೇವೆ. ನಾಗನ ಮೈಗೇ ಆದ್ರೆ ಅವ ಯಾರ ಹತ್ತಿರ ಹೋಗುದು?" ಎಂದರು. ಆಮೇಲೆ, "ಅದರ ಪಾಡಿಗೆ ಬನದಲ್ಲಿ ಬಿಟ್ಟಿದ್ರೆ ಹೀಗೆ ಆಗ್ತಿತ್ತಾ?"

ನಿಜವಾದ ಹಾವಿಗೂ ಕಲ್ಲಿನ ಹಾವಿಗೂ ನಾವು ಮಾಡುವ ಭೇದವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಚುಚ್ಚಿ ತೋರಿಸಿದ್ದಾರೆ. ಹಾವಿನ ಬಗ್ಗೆ ಬರೆಯುವ ಕನ್ನಡಿಗರೆಲ್ಲ ಅಲ್ಲಿಗೆ ಹೋಗುತ್ತಾರೆ, ನಾನು ಬಿಡುತ್ತೇನೆ. ನನಗೆ ಅಂಟಿಕೊಂಡದ್ದು ಅಮ್ಮನ ಎರಡನೆಯ ಪ್ರಶ್ನೆ. ವೈದ್ಯೆಯ ಬಳಿ ಅದಕ್ಕೆ ಉತ್ತರವೂ ಇತ್ತು. ಕಾಡಿನ ಹಾವಿನ ಮೇಲೆ ಒಂದಿಷ್ಟು ನುಸಿ ಇರಬಹುದು, ಆದರೆ ಹೀಗೆ ಸಾವಿರಗಟ್ಟಲೆ ಏರುವುದು ಬಹುಮಟ್ಟಿಗೆ ಸಾಕಿದ ಹಾವಿನ ಮೇಲೆಯೇ. ಕಾರಣ ಸರಳ. ಕಾಡಿನಲ್ಲಿ ಮೊಟ್ಟೆಯಿಡಲು ಇಳಿದ ನುಸಿಯ ಮರಿಗಳು ಕಣ್ಣು ಬಿಡುವಷ್ಟರಲ್ಲಿ ಹಾವು ಇನ್ನೆಲ್ಲಿಗೋ ಹೋಗಿರುತ್ತದೆ. ಹೆಚ್ಚಿನವು ಹಸಿದು ಸಾಯುತ್ತವೆ. ಅಲ್ಲಿ ಯಾರೂ ಯಾರನ್ನೂ ಕೊಲ್ಲಬೇಕಾಗಿಲ್ಲ. ಹಾವು ತನ್ನಷ್ಟಕ್ಕೆ ಹರಿದು ಹೋದರೆ ಸಾಕು. ನಾಲ್ಕು ಅಡಿ ಉದ್ದ ಎರಡಡಿ ಅಗಲದ ಪೆಟ್ಟಿಗೆಯಲ್ಲಿ ಹೋಗುವುದೆಲ್ಲಿಗೆ? ನಾನು ಕಿತ್ತುಕೊಂಡದ್ದು ಆ ಹೋಗುವಿಕೆಯನ್ನು, ಅದರ ಜಾಗದಲ್ಲಿ ಇಟ್ಟದ್ದು ಪರ್ಮೆಥ್ರಿನ್ ಡಬ್ಬಿಯನ್ನು.

ನಮ್ಮ ಮನೆಯ ನಾಗಬನ ನೆನಪಾಯಿತು. ಹತ್ತಿಪ್ಪತ್ತು ಮರ, ಬೀಳಲು, ಬಳ್ಳಿ, ಒಳಗೆ ನಾಲ್ಕು ಕಲ್ಲು. ಒಂದು ಕಡ್ಡಿ ಮುರಿಯುವ ಹಾಗಿಲ್ಲ. ನಾಗರಪಂಚಮಿಗೆ ತನು ಎರೆಯಲು ಹೋಗುವುದು ಬಿಟ್ಟರೆ ಆ ಕಡೆ ಸುಳಿಯುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗ ಅದು ಬರೀ ಹೆದರಿಕೆ ಎಂದುಕೊಂಡಿದ್ದೆ. ಹೆದರಿಕೆಯೇ, ಆದರೆ ಆ ಹೆದರಿಕೆ ಹಾವಿಗೆ ಜಾಗ ಬಿಟ್ಟುಕೊಟ್ಟಿತ್ತು. (ಈಗ ಎಷ್ಟೋ ಬನಗಳಿಗೆ ಕಾಂಕ್ರೀಟ್ ಕಟ್ಟೆ, ಟೈಲ್ಸ್ ಬಂದು ಜಾಗ ಹೋಗಿ ಹೆದರಿಕೆ ಮಾತ್ರ ಉಳಿದಿದೆ. ಆದ್ದರಿಂದ ಊರನ್ನು ಹೊಗಳಿ ಇಲ್ಲಿಯದನ್ನು ತೆಗಳುವ ಆಟ ನನಗೆ ಬೇಡ.) ಉಂಡೆಯ ಕುಲದ ಊರು ಪಶ್ಚಿಮ ಆಫ್ರಿಕ. ಅಲ್ಲಿನ ಬೆನಿನ್ ದೇಶದ ವೀಡಾ ಎಂಬ ಪಟ್ಟಣದಲ್ಲಿ ಇದೇ ಜಾತಿಯ ಹಾವಿಗೆ ಗುಡಿಯಿದೆ. ಗುಡಿಯ ಹಾವು ಯಾರದಾದರೂ ಮನೆ ಹೊಕ್ಕರೆ ಕೊಲ್ಲದೆ ಮರಳಿ ತಂದು ಬಿಡುವ ರೂಢಿ. ಪ್ರಪಂಚದ ಸಂತೆಗಳಿಗೆ ಇದೇ ಹಾವಿನ ಮರಿಗಳನ್ನು ಲಕ್ಷಗಟ್ಟಲೆ ಕಳಿಸಿದ ದೇಶಗಳಲ್ಲಿಯೂ ಬೆನಿನ್ ಒಂದು.

ನಮ್ಮಲ್ಲಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಊರಿನ ಹಾವನ್ನು ಹೀಗೆ ಮನೆಯಲ್ಲಿಟ್ಟುಕೊಂಡರೆ ಅಪರಾಧ. ಇಲ್ಲಿ ಬಾಲ್ ಪೈಥಾನ್ ಸಾಕಲು ಅಡ್ಡಿಯಿಲ್ಲ. ಬಿಟ್ಟುಬಿಡೋಣವೆಂದರೆ ಅದೂ ಆಗದು. ಡಯಾಬ್ಲೊ ಬೆಟ್ಟದ ಚಳಿಗಾಲ ಆಫ್ರಿಕದ ಹಾವನ್ನು ಉಳಿಸುವುದಿಲ್ಲ. ಸಾಯುವ ಮೊದಲು ಅದು ತನ್ನ ನುಸಿಯನ್ನು ಇಲ್ಲಿನ ಹಾವುಗಳಿಗೆ ಹಂಚಲೂಬಹುದು. ಕೈತೊಳೆದುಕೊಳ್ಳುವ ದಾರಿಗಳೆಲ್ಲ ಇನ್ನೊಬ್ಬರ ಮೈಮೇಲೆ ಹೋಗುತ್ತಿದ್ದವು.

ಮೂಡುಬಿದಿರೆಯಲ್ಲಿ ಓದಿದವರಿಗೆ ಜೈನ ಗೆಳತಿಯರು ಇದ್ದೇ ಇರುತ್ತಾರೆ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದ ಗೆಳತಿಯೊಬ್ಬಳ ಮನೆಯಲ್ಲಿ ಅವಳ ಅಜ್ಜಿ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಹುಳುವಿಗೆ ಎರಡು, ಇರುವೆ ಹೇನುಗಳಿಗೆ ಮೂರು, ದುಂಬಿಗೆ ನಾಲ್ಕು, ಹಾವಿಗೂ ನಮಗೂ ಐದು. ಹೆಚ್ಚು ಇಂದ್ರಿಯದ ಜೀವಕ್ಕೆ ಹಿಂಸೆಯಾದರೆ ಹೆಚ್ಚು ದೋಷ. ನುಸಿಯನ್ನು ಹೇನಿನ ಸಾಲಿನಲ್ಲಿ ಕೂರಿಸಿದರೆ ಲೆಕ್ಕ ನನ್ನ ಪರವಾಗಿಯೇ ಇತ್ತು. ಆದರೆ ಲೆಕ್ಕ ಹಿಡಿದವರು ಪೂರ್ತಿ ಹಿಡಿಯಬೇಕು. ನಮ್ಮ ಗರಾಜಿನಲ್ಲಿ ಒಂದು ಸಣ್ಣ ಫ್ರೀಜರ್ ಇದೆ. ಅದರಲ್ಲಿ ಪೊಟ್ಟಣ ಕಟ್ಟಿದ ಇಲಿಗಳಿವೆ. ಮೊಟ್ಟೆಯನ್ನೂ ತಿನ್ನದ ನಾನು ಹತ್ತು ದಿನಕ್ಕೊಮ್ಮೆ ಒಂದನ್ನು ಬಿಸಿನೀರಿನಲ್ಲಿಟ್ಟು ಹಿಮ ಕರಗಿಸಿ ಇಕ್ಕುಳದಲ್ಲಿ ಹಿಡಿದು ಕೊಡುತ್ತೇನೆ. ಇಲಿ ಪಂಚೇಂದ್ರಿಯ. ಅದರ ಬಗ್ಗೆ ಒಂದು ರಾತ್ರಿಯೂ ನಿದ್ದೆಗೆಡದೆ ನುಸಿಯ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಇಲಿ ಬರುವಾಗಲೇ ಸತ್ತು ಬರುತ್ತದೆ ಎಂಬುದಷ್ಟೇ ಇದಕ್ಕೆ ಕಾರಣ. ಅದು ಕಾರಣವೇ ಅಲ್ಲ ಎಂದು ನನಗೂ ಗೊತ್ತು.

ಅದೇ ಅಜ್ಜಿಯಿಂದ ಇನ್ನೊಂದು ಮಾತೂ ಕೇಳಿದ್ದೆ. ಗೃಹಸ್ಥರಿಗೆ ಹಿಂಸೆ ನಾಲ್ಕು ಬಗೆ. ಅಡುಗೆ, ಕಸ, ಒಲೆಯಲ್ಲಿ ಆಗುವುದು ಆರಂಭೀ. ಹೊಟ್ಟೆಪಾಡಿನ ಕೆಲಸದಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವುದು ವಿರೋಧೀ. ಈ ಮೂರನ್ನು ಸಂಸಾರಿ ಪೂರ್ತಿ ಬಿಡಲಾರ. ನಾಲ್ಕನೆಯದು ಸಂಕಲ್ಪೀ, ಕೊಲ್ಲಬೇಕೆಂದೇ ಕೊಲ್ಲುವುದು, ಅದು ಕೂಡದು. ಮೊದಲ ರಾತ್ರಿಯದು ವಿರೋಧೀ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಹಾವಿನ ಪರವಾಗಿ ನಿಂತು ಹೊಡೆದೆ, ಸರಿ.

ಆದರೆ ಎರಡನೆಯ ಸಲ? ಅದನ್ನು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿದ್ದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆ, ಕನ್ನಡ ಕಲಿ ತರಗತಿ; ಹನ್ನೆರಡಕ್ಕೆ, ನುಸಿ. ಅಷ್ಟರಲ್ಲಿ ಬಿಳಿ ಕಾಗದದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಉಂಡೆ ಬಟ್ಟಲು ಬಿಟ್ಟು ತನ್ನ ಗೂಡಿನೊಳಗೆ ಸುತ್ತಿಕೊಂಡು ಮಲಗಿತ್ತು. ಮೇಲೆ ಬಿದ್ದವರು ಯಾರೂ ಇಲ್ಲ. ಇನ್ನೂ ಹುಟ್ಟದವರು, ಅಥವಾ ಹುಟ್ಟಿ ಇನ್ನೂ ಒಂದು ತೊಟ್ಟು ರಕ್ತ ಕುಡಿಯದವರು, ಅಥವಾ ಇಲ್ಲವೇ ಇಲ್ಲದವರು. ಅವರಿಗಾಗಿ ನಾನು ಡಬ್ಬಿ ಕುಲುಕುತ್ತ ನಿಂತಿದ್ದೆ.

ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯನ್ನು ಕಾಲೇಜಿನಲ್ಲಿ ಪಾಠಕ್ಕೆಂದು ಓದಿದ್ದೆ, ಪರೀಕ್ಷೆಗೆಂದು ಮರೆತಿದ್ದೆ. ತಾಯಿಯ ಒತ್ತಾಯಕ್ಕೆ ಯಶೋಧರ ಪ್ರಾಣಿಬಲಿಯ ಬದಲು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಪ್ರಾಣವಿಲ್ಲದ ಕೋಳಿ, ಆದರೆ ಕಡಿಯುವ ಮನಸ್ಸು ನಿಜ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ. ಇದು ಸ್ವಲ್ಪ ಹೆಚ್ಚಾಯಿತು ಎಂದು ಆಗ ಅನ್ನಿಸಿತ್ತು, ಹಿಟ್ಟಿಗೆ ಇಷ್ಟೆಲ್ಲ ಶಿಕ್ಷೆಯೇ ಎಂದು. ಗರಾಜಿನಲ್ಲಿ, ಖಾಲಿ ಪೆಟ್ಟಿಗೆಯ ಮೂಲೆ ಮೂಲೆಗೆ ನಳಿಕೆ ತಿರುಗಿಸುವಾಗ, ಜನ್ನ ಎಲ್ಲಿ ಕೈಯಿಟ್ಟಿದ್ದಾನೆಂದು ತಿಳಿಯಿತು. ಆದರೂ ನಾನು ಅವನನ್ನು ಪೂರ್ತಿ ಒಪ್ಪಲಾರೆ. ಯಶೋಧರ ಕಡಿದದ್ದು ತಾಯಿಯ ಮನಸ್ಸಿನ ನೆಮ್ಮದಿಗೆ. ನಾನು ಆ ಶನಿವಾರ ಕೈ ತಡೆದಿದ್ದರೆ ಮುಂದಿನ ತಿಂಗಳು ಉಂಡೆ ಮತ್ತೆ ಬಟ್ಟಲಿನಲ್ಲಿ, ನಾನು ಮತ್ತೆ ಇನ್ನೂರರ ಲೆಕ್ಕದಲ್ಲಿ. ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆ ದಯೆಯಲ್ಲ, ಮೊದಲ ಸಲ ಸತ್ತವೂ ಸುಮ್ಮನೆ ಸತ್ತ ಹಾಗೆ. ಸಿಂಪಡಿಸಿದೆ. ಸಂಕಲ್ಪ ಮಾಡಿಯೇ ಸಿಂಪಡಿಸಿದೆ. ವಿರೋಧೀ ಎಂಬ ಹೆಸರನ್ನು ಮಾತ್ರ ಈ ಸಲ ಬಳಸಿಕೊಳ್ಳಲಿಲ್ಲ.

ಮಗನಿಗೆ ಬೇರೆ ಉಪಾಯ ಸಿಕ್ಕಿತ್ತು. ನುಸಿಯನ್ನು ತಿನ್ನುವ ಮಣ್ಣಿನ ನುಸಿಗಳು ಡಬ್ಬಿಯಲ್ಲಿ ಸಿಗುತ್ತವೆ. ತೋಟಗಾರರು ಕುಂಡಗಳಿಗೆ ಹಾಕುತ್ತಾರೆ, ಕೆಲವರು ಹಾವಿನ ಪೆಟ್ಟಿಗೆಗೂ. "ಆಗ ನಾವು ಕೊಲ್ಲೋದಿಲ್ಲ ಅಮ್ಮಾ, ಅವೇ ತಿಂತಾವೆ." ಸುಪಾರಿ ಕೊಟ್ಟವನೂ ಕೊಂದವನೇ ಕಣೋ ಎಂದೆ. ಸುಪಾರಿ ಎಂದರೆ ಏನೆಂದು ವಿವರಿಸಲು ಸಂಜೆ ಕಳೆಯಿತು. ಅವನ ಮೊದಲ ಪ್ರಶ್ನೆಗೆ ಅದೇ ಸಂಜೆ ಉತ್ತರ ಕೊಟ್ಟೆ. ಹಾವು ನಮ್ಮದು ಎಂದ ಮೇಲೆ ನುಸಿಯೂ ನಮ್ಮದೇ. ಸಂತೆಯವನಿಂದ ಬಂದಿರಬಹುದು, ಆದರೆ ಸಾವಿರವಾದದ್ದು ನಮ್ಮ ಪೆಟ್ಟಿಗೆಯಲ್ಲಿ, ನಾವು ಹಾಕಿಸಿದ ಬೆಚ್ಚನೆಯ ದೀಪದಡಿ. ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ನಾವೇ ಸಾಕಿ ನಾವೇ ಕೊಂದೆವಾ?" ಎಂದ. ಹೌದು ಎಂದೆ.

ಬಾಲ್ ಪೈಥಾನ್ ಸಾಕಿದರೆ ಮೂವತ್ತು ವರ್ಷ ಬದುಕಬಹುದು. ಇವನು ಐದು ವರ್ಷದಲ್ಲಿ ಕಾಲೇಜಿಗೆ ಹೋಗುತ್ತಾನೆ, ಡಾರ್ಮಿನಲ್ಲಿ ಹಾವಿಗೆ ಜಾಗ ಕೊಡುವುದಿಲ್ಲ. ಆಮೇಲೆ ಉಂಡೆಯೂ ನಾನೂ.

ಮೊನ್ನೆ ಅದು ಪೊರೆ ಬಿಟ್ಟಿತು, ಮೂತಿಯಿಂದ ಬಾಲದವರೆಗೆ ಒಂದೇ ತುಂಡು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಕಣ್ಣಿನ ಜಾಗದಲ್ಲಿ ಎರಡು ಗಾಜಿನಂಥ ಬಿಲ್ಲೆಗಳು, ಅಂಚು ಚೊಕ್ಕಟ. ಗಲ್ಲದ ಕೆಳಗಿನ ಗೆರೆಯಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ. ಒಣಗಿತ್ತು. ಮಗ ಅದನ್ನು ಬಿಳಿ ಕಾಗದದ ಮೇಲೆ ಉದುರಿಸಿ, ಉಸಿರು ಬಿಗಿಹಿಡಿದು, ನಡೆಯುತ್ತದೆಯೇ ಎಂದು ಬಹಳ ಹೊತ್ತು ನೋಡುತ್ತ ಕುಳಿತ.