ಬರೆಯದ ಪೆನ್ನು ಯಾರದು?

ಸಂಗ್ರಹ ಮಾಡುವುದು ಮನುಷ್ಯನಿಗೆ ಹುಟ್ಟುಗುಣ. ಚಿಕ್ಕಂದಿನಲ್ಲಿ ಗೋಲಿ, ಅಂಚೆಚೀಟಿ. ಬೆಳೆದ ಮೇಲೆ ನಾಣ್ಯ, ಪುಸ್ತಕ, ಪೆನ್ನು. ಇದರಿಂದ ಯಾರಿಗೂ ಕೇಡಿಲ್ಲವಾದ್ದರಿಂದ ಸರಿಯೆ ತಪ್ಪೆ ಎಂದು ಯಾರೂ ವಿಚಾರಿಸುವುದಿಲ್ಲ. ಆದರೂ ಒಂದು ಪ್ರಶ್ನೆ ಉಳಿದೇ ಇರುತ್ತದೆ: ಒಂದು ಉಪಕರಣವನ್ನು ಅದರ ಕೆಲಸದಿಂದ ಬಿಡಿಸಿ ಇಟ್ಟುಕೊಳ್ಳುವ ಹಕ್ಕು, ಹಣ ಕೊಟ್ಟು ಕೊಂಡವನಿಗೆ ಎಷ್ಟರ ಮಟ್ಟಿಗೆ ಉಂಟು?

ಯಲಹಂಕದಿಂದಲೋ ಹೆಬ್ಬಾಳದಿಂದಲೋ ಹೊರಟು ಫೌಂಟನ್ ಪೆನ್ನುಗಳ ಪ್ರದರ್ಶನಕ್ಕೆ ಹೋದ ಸಂಗ್ರಹಕಾರನಿಗೆ ಈ ಪ್ರಶ್ನೆ ಮೇಜಿನ ಮೇಲೆಯೇ ಕಾಣುತ್ತದೆ. ನಾನೂ ಆ ಗುಂಪಿನವನೇ ಆದ್ದರಿಂದ ಪರರನ್ನು ಆಕ್ಷೇಪಿಸುವ ಉದ್ದೇಶ ನನಗಿಲ್ಲ. ಎಂದೂ ಶಾಯಿ ಕಾಣದ ಹಳೆಯ ಪೆನ್ನಿಗೆ, ಜೀವಮಾನವೆಲ್ಲ ದುಡಿದ ಅದೇ ಜಾತಿಯ ಪೆನ್ನಿಗಿಂತ ಹೆಚ್ಚು ಬೆಲೆ. ದುಡಿಯದೆ ಇದ್ದುದಕ್ಕೇ ಸಂಬಳ! ಮನುಷ್ಯರ ವಿಷಯದಲ್ಲಿ ಇಂಥ ಲೆಕ್ಕವನ್ನು ನಾವು ಒಪ್ಪುವೆವೆ?

ಪೆನ್ನಿನ ರಚನೆಯೇ ಈ ಲೆಕ್ಕಕ್ಕೆ ವಿರುದ್ಧವಾಗಿದೆ. 1884ರಲ್ಲಿ ಅಮೆರಿಕದ ವಾಟರ್‌ಮನ್ ಹಕ್ಕುಪತ್ರ ಪಡೆದ ಪೆನ್ನಿನಲ್ಲಿ, ಸಣ್ಣ ಗೀರುಗಳ ಮೂಲಕ ಶಾಯಿ ಕೆಳಗಿಳಿಯುತ್ತದೆ, ಅದರ ಜಾಗಕ್ಕೆ ಗಾಳಿ ಮೇಲೇರುತ್ತದೆ. ಹರಿಯುತ್ತಿರುವವರೆಗೆ ಎಲ್ಲವೂ ಸರಿ. ನಿಂತರೆ ಶಾಯಿ ಒಣಗಿ ದಾರಿ ಮುಚ್ಚುತ್ತದೆ. ತುಂಬದೆ ಇಟ್ಟರೂ ಹಳೆಯ ಪೆನ್ನಿನೊಳಗಿನ ರಬ್ಬರು ಚೀಲ ಕಾಲಕ್ರಮದಲ್ಲಿ ಗಡುಸಾಗಿ ಒಡೆಯುತ್ತದೆ. ಕೆಲಸದಿಂದ ಸವೆತ ಉಂಟು, ನಿಜ. ವಿಶ್ರಾಂತಿಯಿಂದಲೂ ನಾಶ ಉಂಟು.

ರಾಜಮಹೇಂದ್ರಿಯ ರತ್ನಂ ಅವರು ತಯಾರಿಸಿದ ಸ್ವದೇಶಿ ಪೆನ್ನಿನ ವಿಷಯವಾಗಿ ಗಾಂಧೀಜಿ 1935ರಲ್ಲಿ ಪತ್ರ ಬರೆದರು. ತಾವು ಅದನ್ನು ಬಳಸಿ ನೋಡಿದುದಾಗಿಯೂ, ಪೇಟೆಯ ವಿದೇಶಿ ಪೆನ್ನುಗಳ ಬದಲಿಗೆ ಅದು ಸಲ್ಲುವಂತೆ ತೋರುವುದಾಗಿಯೂ ಅದರ ತಾತ್ಪರ್ಯ. ಬಳಸಿದ ಮೇಲೆ ಬಂದ ಮೆಚ್ಚುಗೆ ಅದು. ಪೆನ್ನಿಗೆ ಸಲ್ಲತಕ್ಕ ಗೌರವ ಇದೇ ಅಲ್ಲವೆ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ನಿಬ್ಬಿನ ತುದಿ ಬರೆಯುವವನ ಕೈಯ ವಾಲಿಗೆ ತಕ್ಕಂತೆ ಮೆಲ್ಲಮೆಲ್ಲನೆ ಸವೆಯುತ್ತದೆ. ಹೆಸರು ಕೆತ್ತಿದ ಹಳೆಯ ಪೆನ್ನೊಂದನ್ನು ಕೊಂಡು ಬರೆಯಹೊರಟರೆ, ಗತಿಸಿದವನ ಕೈಗುರುತನ್ನು ನನ್ನ ಕೈ ಅಳಿಸಿಬಿಡುವುದಿಲ್ಲವೆ? ಅಳಿಸುತ್ತದೆ. ಆದ್ದರಿಂದ ಎಲ್ಲವನ್ನೂ ಬಳಸಿಯೇ ತೀರಬೇಕೆಂದು ವಿಧಿಸಲಾಗದು. ಯಶವಂತಪುರಕ್ಕೆ ಸಮೀಪದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಕೈಗಡಿಯಾರ ಮಾಡತೊಡಗಿತು. ಆ ಗಡಿಯಾರ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. 2019ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿರುವ ಗಡಿಯಾರ ಯಾರ ಮಣಿಕಟ್ಟಿಗೂ ವೇಳೆ ಹೇಳದಿರಬಹುದು. ಆದರೆ ಬಂದವರೆಲ್ಲರಿಗೆ ಒಂದು ಕಾಲದ ದುಡಿಮೆಯ ಕಥೆ ಹೇಳುತ್ತದೆ. ಅದಕ್ಕೆ ಕೆಲಸ ತಪ್ಪಿಲ್ಲ, ಕೆಲಸ ಬದಲಾಗಿದೆ.

ಹಾಗಾದರೆ ಉಪಕರಣಕ್ಕೆ ಎರಡು ಸದ್ಗತಿಗಳು: ದುಡಿಯುವುದು, ಇಲ್ಲವೆ ಸಾಕ್ಷಿ ನುಡಿಯುವುದು. ಬೀಗ ಹಾಕಿದ ಬೀರುವಿನಲ್ಲಿ ಎರಡೂ ಇಲ್ಲ. ನಮ್ಮ ಮನೆಗಳಲ್ಲಿ ನವರಾತ್ರಿಯಲ್ಲಿ ಪುಸ್ತಕ, ಲೇಖನಿಗಳನ್ನು ಪೂಜೆಗೆ ಇಡುವುದುಂಟು. ಆಗ ಅವನ್ನು ಯಾರೂ ಮುಟ್ಟರು. ವಿಜಯದಶಮಿಯಂದು ಮತ್ತೆ ಕೈಗೆತ್ತಿಕೊಂಡು ನಾಲ್ಕಕ್ಷರ ಬರೆದರೇ ಪೂಜೆ ಪೂರ್ತಿ. ಬೀರುವಿನ ಸಂಗ್ರಹವಾದರೋ ವಿಜಯದಶಮಿಯೇ ಬಾರದ ಪೂಜೆ.

ಇಷ್ಟಾದರೂ ಸಂಗ್ರಹಕಾರನ ಉಪಕಾರವನ್ನು ಮರೆಯಬಾರದು. ಅವನಿಲ್ಲದಿದ್ದರೆ ಆ ಪೆನ್ನುಗಳಲ್ಲಿ ಎಷ್ಟೋ ಗುಜರಿಯ ಪಾಲಾಗುತ್ತಿದ್ದುವು. ಆದರೆ ಉಳಿಸಿದವನು ಕಾವಲುಗಾರ. ವಸ್ತು ಅವನ ಕೈಗೆ ಬರುವ ಮೊದಲೂ ಇತ್ತು, ಅವನು ಹೋದ ಮೇಲೂ ಇರತಕ್ಕದ್ದು. ಅದು ಬರೆಯುವ ಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವುದು, ಕೇಳಿದವರಿಗೆ ತೋರಿಸುವುದು, ತನ್ನ ನಂತರ ಯಾರ ಕೈಗೆ ಎಂದು ಮೊದಲೇ ಯೋಚಿಸುವುದು—ಇವು ಕಾವಲಿನ ಧರ್ಮ. ಪ್ರದರ್ಶನದ ಬೆಲೆಯೂ ಇಲ್ಲೇ ಇದೆ: ಅಂದು ಒಂದು ದಿನವಾದರೂ ಬೀರು ತೆರೆಯುತ್ತದೆ, ಅಪರಿಚಿತನೊಬ್ಬ ಪೆನ್ನನ್ನು ಕೈಗೆತ್ತಿಕೊಂಡು ಕಾಗದದ ಮೇಲೆ ತನ್ನ ಹೆಸರು ಬರೆದು ನೋಡುತ್ತಾನೆ.