ಅಥೆನ್ಸಿನ ಸಭೆಯ ಹೊರಗಿದ್ದವರು

ಇತಿಹಾಸದ ಅಧ್ಯಾಪಕನಿಗೆ ಒಂದು ಧರ್ಮಸಂಕಟವಿದೆ. ಗತಕಾಲದ ಸಮಾಜವೊಂದನ್ನು ಮಕ್ಕಳ ಮುಂದಿರಿಸುವಾಗ ಅದರ ಹಿರಿಮೆಯನ್ನಷ್ಟೇ ಹೇಳಬೇಕೋ, ಅದರ ಪಾಪವನ್ನೂ ಹೇಳಬೇಕೋ? ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಹೇಳಿದ ನನಗೆ ಈ ಪ್ರಶ್ನೆ ಎದುರಾದದ್ದು ಗ್ರಂಥಗಳಿಂದಲ್ಲ, ಪ್ರೌಢಶಾಲೆಯ ಒಬ್ಬ ವಿದ್ಯಾರ್ಥಿನಿಯಿಂದ.

ಅಂದು ಪ್ರಾಚೀನ ಗ್ರೀಸಿನ ಪಾಠ ನಡೆದಿತ್ತು. ಅಥೆನ್ಸಿನ ನಾಗರಿಕರು ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಸಭೆ ಸೇರುತ್ತಿದ್ದುದನ್ನು, ಕೆಲವು ನಿರ್ಣಯಗಳಿಗೆ 6000 ಮಂದಿ ಹಾಜರಿರಬೇಕಾಗಿದ್ದುದನ್ನು, ಬಡವನೂ ಎದ್ದು ಮಾತನಾಡಬಹುದಾಗಿದ್ದುದನ್ನು, ಬಹುಪಾಲು ಅಧಿಕಾರಸ್ಥಾನಗಳನ್ನು ಚೀಟಿ ಎತ್ತಿ ಹಂಚುತ್ತಿದ್ದುದನ್ನು ಉತ್ಸಾಹದಿಂದ ವರ್ಣಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮಾಷ್ಟ್ರೇ, ಇವರೆಲ್ಲ ಸಭೆಯಲ್ಲಿ ಕೂತರೆ ಕೆಲಸ ಮಾಡುವುದು ಯಾರು?”

ತರಗತಿ ನಕ್ಕಿತು. ನಾನೂ ನಕ್ಕು, “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ” ಎಂದೆ. ಆಕೆಯ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದರು. ಕೆಲಸವೆಂದರೇನೆಂದು ಆ ಮಗುವಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಉತ್ತರ ನನಗೆ ತಿಳಿಯದ್ದೇನಲ್ಲ. ನಾಗರಿಕರಲ್ಲಿಯೂ ಹೊಲ ಉತ್ತು ಬದುಕುವವರು ಅನೇಕರಿದ್ದರು, ನಿಜ. ಆದರೆ ಮನೆಗಳಲ್ಲಿ, ಕಾರ್ಖಾನೆಗಳಲ್ಲಿ, ಹೊಲಗಳಲ್ಲಿ ಗುಲಾಮರು ದುಡಿಯುತ್ತಿದ್ದರು. ಲಾರಿಯಮ್ ಬೆಳ್ಳಿಗಣಿಗಳ ಇಕ್ಕಟ್ಟಾದ ಸುರಂಗಗಳಲ್ಲಿ ದೀಪದ ಬೆಳಕಿನಲ್ಲಿ ಕಲ್ಲು ಒಡೆಯುತ್ತಿದ್ದವರೂ ಅವರೇ. ಆ ಬೆಳ್ಳಿಯಿಂದ ಕಟ್ಟಿದ ಹಡಗುಗಳೇ ಕ್ರಿ.ಪೂ. 480ರಲ್ಲಿ ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿ ಗ್ರೀಸಿನ ಸ್ವಾತಂತ್ರ್ಯವನ್ನು ಉಳಿಸಿದವು. ಯಾರ ಸ್ವಾತಂತ್ರ್ಯ? ಕ್ರಿ.ಪೂ. 451ರ ಕಾನೂನಿನಂತೆ ತಂದೆತಾಯಿಗಳಿಬ್ಬರೂ ಅಥೆನ್ಸಿನವರಾದವನು ಮಾತ್ರ ನಾಗರಿಕ. ಆ ತಾಯಿಗೆ ಮಾತ್ರ ಸಭೆಯಲ್ಲಿ ಸ್ಥಾನವಿಲ್ಲ. ಹೊರಗಿನಿಂದ ಬಂದು ನೆಲಸಿದವರು ತೆರಿಗೆ ತೆತ್ತರು, ಯುದ್ಧಕ್ಕೂ ಹೋದರು, ಅವರಿಗೂ ಮತವಿಲ್ಲ. ಮಹಾಮೇಧಾವಿ ಅರಿಸ್ಟಾಟಲನೇ ಅಂತಹ ಪರದೇಶಿ.

‘ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು’ ಎಂಬ ಮಾತುಂಟು. ನಾನೂ ಬಹುಕಾಲ ಅದರ ಆಸರೆ ಪಡೆದೆ. ಆದರೆ ಗುಲಾಮನನ್ನು ಜೀವವುಳ್ಳ ಉಪಕರಣವೆಂದು ಕರೆದ ಅರಿಸ್ಟಾಟಲನ ‘ಪಾಲಿಟಿಕ್ಸ್’ ಗ್ರಂಥದಲ್ಲಿಯೇ ಇನ್ನೊಂದು ಪಕ್ಷದ ಉಲ್ಲೇಖವೂ ಇದೆ. ಒಡೆತನವು ಪ್ರಕೃತಿಗೆ ವಿರುದ್ಧವಾದುದು, ಬಲಾತ್ಕಾರದಿಂದ ಬಂದುದು, ಆದುದರಿಂದ ಅನ್ಯಾಯವಾದುದು ಎಂದು ವಾದಿಸುವವರು ಅಂದೇ ಇದ್ದರು. ಅಂದಮೇಲೆ ಆ ಅಳತೆಗೋಲು ನಮ್ಮದಷ್ಟೇ ಅಲ್ಲ, ಅವರ ಕೈಯಲ್ಲಿಯೂ ಇತ್ತು.

ಹಾಗೆಂದು ಅಥೆನ್ಸನ್ನು ನಿಂದಿಸಿ ಪುಸ್ತಕ ಮುಚ್ಚುವುದೂ ನ್ಯಾಯವಲ್ಲ. ಕ್ರಿ.ಪೂ. 427ರಲ್ಲಿ ದಂಗೆಯೆದ್ದ ಮಿಟಿಲೀನ್ ನಗರದ ವಯಸ್ಕ ಗಂಡಸರನ್ನೆಲ್ಲ ಕೊಲ್ಲಬೇಕೆಂದು ಸಭೆ ನಿರ್ಣಯಿಸಿ ಹಡಗು ಕಳುಹಿಸಿತು. ಮರುದಿನ ಪಶ್ಚಾತ್ತಾಪ ಹುಟ್ಟಿತು. ಮತ್ತೆ ಚರ್ಚಿಸಿ, ಅಲ್ಪ ಬಹುಮತದಿಂದ ಮನಸ್ಸು ಬದಲಿಸಿ, ಎರಡನೆಯ ಹಡಗನ್ನು ಅಟ್ಟಿದರು. ಹುಟ್ಟು ಹಾಕುವವರು ಸರದಿಯಂತೆ ನಿದ್ರಿಸುತ್ತ, ಎಡೆಬಿಡದೆ ಸಾಗಿ, ಕಡೆಯ ಗಳಿಗೆಯಲ್ಲಿ ತಲಪಿದರು. ದಂಗೆಯ ಮುಂದಾಳುಗಳು ಸತ್ತರು, ಊರು ಉಳಿಯಿತು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬಲ್ಲ ಸಭೆ ದೊಡ್ಡದು. ಆದರೆ ಕ್ರಿ.ಪೂ. 416ರಲ್ಲಿ ಮೀಲೋಸ್ ದ್ವೀಪದವರು ಶರಣಾದಾಗ ಅಲ್ಲಿನ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. ಆಗ ಎರಡನೆಯ ಹಡಗು ಹೊರಡಲಿಲ್ಲ. ಎರಡೂ ಅದೇ ಜನ. ಮಕ್ಕಳಿಗೆ ಎರಡನ್ನೂ ಹೇಳಬೇಕು.

ಮುಂದಿನ ವರ್ಷದಿಂದ ನಾನು ಪಾಠದ ಕ್ರಮವನ್ನು ಬದಲಿಸಿದೆ. ನಾಗರಿಕ, ನಾಗರಿಕನ ಮಡದಿ, ಗುಲಾಮ, ಪರದೇಶಿ ಎಂದು ಚೀಟಿಗಳನ್ನು ಬರೆದು, ಒಬ್ಬೊಬ್ಬರಿಂದ ಒಂದೊಂದನ್ನು ಎತ್ತಿಸಿ, “ಗುಡ್ಡ ಹತ್ತಬಹುದಾದವರು ಎದ್ದು ನಿಲ್ಲಿ” ಎನ್ನುತ್ತಿದ್ದೆ. ಕೆಲವರು ಹೆಮ್ಮೆಯಿಂದ ನಿಲ್ಲುತ್ತಿದ್ದರು. ಕುಳಿತವರು ಸುಮ್ಮನಾಗುತ್ತಿದ್ದರು. ಒಮ್ಮೆ, ನಿಂತಿದ್ದ ಹುಡುಗನೊಬ್ಬ ಚೀಟಿಯನ್ನು ನೋಡುತ್ತ, “ಇದು ನನ್ನ ಕೈಗೆ ಬಂತು ಅಷ್ಟೇ, ನಾನು ಏನೂ ಮಾಡಿದ್ದಲ್ಲ” ಎಂದ. ಗ್ರೀಸಿನ ಪಾಠದಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸಲಿಲ್ಲ.

ಗತಕಾಲಕ್ಕೆ ಶಿಕ್ಷೆ ವಿಧಿಸುವ ಅಧಿಕಾರ ನಮಗಿಲ್ಲ. ನಮ್ಮ ಕಾಲದ ಗುಡ್ಡದ ಕೆಳಗೆ ಯಾರಿದ್ದಾರೆಂದು ನೋಡುವ ಕಣ್ಣನ್ನು ಅದರಿಂದ ಪಡೆಯಬಹುದು. ನಾವಿಂದು ಚಪ್ಪರದಡಿ ಕುಳಿತು ಸಾಹಿತ್ಯವನ್ನು ಚರ್ಚಿಸುವಾಗಲೂ ಹಿಂದುಗಡೆ ಯಾರೋ ಅನ್ನ ಬಸಿಯುತ್ತಿರುತ್ತಾರೆ. ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅಂದು ಆಕೆಗೆ ಕೊಡದೆ ಹೋದ ಉತ್ತರವನ್ನು ಇಲ್ಲಿ ಬರೆದಿರುವೆ. ಓದುವಂತಾದರೆ ಆಕೆ ತನ್ನ ಮಾಷ್ಟ್ರನ್ನು ಕ್ಷಮಿಸಲಿ.