ಅಳಿಸುವವನ ಅಧಿಕಾರ

ಕೆಲಸವು ಕೆಟ್ಟಾಗ ಕಾರಣವನ್ನು ಹುಡುಕಬೇಕೋ, ಇದ್ದುದೆಲ್ಲವನ್ನೂ ಒರೆಸಿ ಹೊಸತಾಗಿ ತೊಡಗಬೇಕೋ ಎಂಬುದು ಮೇಲ್ನೋಟಕ್ಕೆ ಬರಿಯ ಕುಶಲತೆಯ ಪ್ರಶ್ನೆಯಾಗಿ ತೋರುತ್ತದೆ. ಆದರೆ ಒರೆಸಿಹೋಗುವ ವಸ್ತುವು ಮತ್ತೊಬ್ಬರದಾಗಿದ್ದರೆ ಅದು ನೀತಿಯ ಪ್ರಶ್ನೆಯೇ ಸರಿ.

2025ನೆಯ ಅಕ್ಟೋಬರ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು ಮುಗಿಯಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ರಕ್ಷಣಾಸಾಧನವನ್ನು ಬೇಡುತ್ತದೆ. ಹಳೆಯ ಲ್ಯಾಪ್‌ಟಾಪುಗಳು ಹಲವಕ್ಕೆ ಅದಿಲ್ಲ. ಚೆನ್ನಾಗಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕಲೊಲ್ಲದ ಧಾರವಾಡದ ಗೃಹಸ್ಥನೊಬ್ಬನು 1991ರಲ್ಲಿ ಹುಟ್ಟಿದ ಲಿನಕ್ಸಿನ ಕಡೆಗೆ ತಿರುಗಿದನೆನ್ನೋಣ. ಪೆನ್‌ಡ್ರೈವಿನಿಂದ ಸ್ಥಾಪನೆಯು ತೊಡಗಿ, 'ಡಿಸ್ಕು ದೊರೆಯಲಿಲ್ಲ' ಎಂದು ನಿಲ್ಲುತ್ತದೆ. ಆಗ ಹುಬ್ಬಳ್ಳಿಯ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: "ಎಲ್ಲಾ ಫಾರ್ಮ್ಯಾಟ್ ಹೊಡದಬಿಡೂಣ್ರಿ."

ದೊರೆಯದ್ದು ಇಲ್ಲವೆಂದು ಹೇಳಲಾದೀತೆ? ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರು. ಆದರೆ ಅದಕ್ಕೊಂದು ಕಟ್ಟನ್ನೂ ಹಾಕಿದರು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಬಹುದು. ಬೆಳಕಿರುವ ಕೋಣೆಯಲ್ಲಿ ಕಾಣದ ಕೊಡವು ಇಲ್ಲ. ಕತ್ತಲೆಯಲ್ಲಿ ಕಾಣದ ಕೊಡದ ಮಾತು ಬೇರೆ. ಲ್ಯಾಪ್‌ಟಾಪಿನ ಬಯಾಸಿನಲ್ಲಿ ಡಿಸ್ಕನ್ನು ರೇಡ್ ಪದ್ಧತಿಗೆ ಇಟ್ಟಿದ್ದರೆ ಲಿನಕ್ಸಿನ ಕೆಲವು ಸ್ಥಾಪಕಗಳಿಗೆ ಅದು ಕಾಣದು. ಬಿಟ್‌ಲಾಕರಿನಿಂದ ಬೀಗ ಹಾಕಿದ ಭಾಗವನ್ನಂತೂ ಕೀಲಿಯಿಲ್ಲದವನು ಓದಲಾರನು. ಇವೆರಡೂ ಕತ್ತಲೆಯ ಕೊಡಗಳೇ. ತನಗೆ ಓದಲು ಬಾರದುದನ್ನು ಶೂನ್ಯವೆಂದು ಕರೆದು ಅಳಿಸುವವನು ಪ್ರಮಾಣವನ್ನು ಮೀರುತ್ತಾನೆ. ಒಮ್ಮೊಮ್ಮೆ ಒಂದು ಮನೆಯ ಹತ್ತು ವರ್ಷದ ಚಿತ್ರಗಳನ್ನೂ ಕಳೆಯುತ್ತಾನೆ.

ಕಾರಣವನ್ನು ಹುಡುಕಲು ನಮ್ಮ ನೈಯಾಯಿಕರ ಅನ್ವಯ-ವ್ಯತಿರೇಕವೇ ಸಾಕು: ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವುದು. ಇಳಿಸಿಕೊಂಡ ಕಡತದ ಎಸ್‌ಎಚ್‌ಎ-256 ಗುರುತಿನ 64 ಅಕ್ಷರಗಳನ್ನು ಪ್ರಕಟಿತ ಗುರುತಿನೊಡನೆ ಹೋಲಿಸಬೇಕು. ಒಂದಕ್ಷರ ತಪ್ಪಿದರೂ ಆ ಕಡತವು ಕೆಲಸಕ್ಕೆ ಬಾರದು. (ರಾಷ್ಟ್ರಧ್ವಜವನ್ನು ತಯಾರಿಸುವ ಬೆಂಗೇರಿಯ ಖಾದಿ ಸಂಘದಲ್ಲಿ ಬಟ್ಟೆಯ ಪರೀಕ್ಷೆಯಾಗುವುದನ್ನು ಬಲ್ಲ ಊರಿನವರಿಗೆ ಇದು ಅತಿಯೆನಿಸಲಾರದು.) ಬಳಿಕ ಬೇರೊಂದು ಪೆನ್‌ಡ್ರೈವು, ಆಮೇಲೆ ಬಯಾಸು. ಅಲ್ಲಿ ರೇಡನ್ನು ಎಎಚ್‌ಸಿಐಗೆ ತಿರುಗಿಸಿದರೆ ಡಿಸ್ಕು ಕಂಡೀತು, ಆದರೆ ಹಳೆಯ ವಿಂಡೋಸು ಏಳದೆ ಹೋದೀತು. ಹಿಂದೆ ಏನಿತ್ತೆಂದು ಚೀಟಿಯಲ್ಲಿ ಬರೆದಿಟ್ಟೇ ಕೈಹಾಕಬೇಕು.

ಅಂಗಡಿಯವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಕಾರಣವನ್ನು ಹುಡುಕಿದ ಎರಡು ತಾಸಿಗೆ ಗಿರಾಕಿಯು ಹಣ ಕೊಡಲೊಲ್ಲ. ಯಂತ್ರವು ಸಂಜೆಯೊಳಗೆ ನಡೆಯಬೇಕೆನ್ನುವವನೂ ಅವನೇ. ಹಾಗಿದ್ದರೂ ಇವರಿಬ್ಬರ ಅರಿವು ಸಮವಲ್ಲ. ಯಂತ್ರವನ್ನು ಬಲ್ಲವನಿಗೆ ಅದರೊಳಗಿರುವುದರ ಬೆಲೆ ತಿಳಿಯದು, ಬೆಲೆಯನ್ನು ಬಲ್ಲವನಿಗೆ ಯಂತ್ರವು ತಿಳಿಯದು. ಆದಕಾರಣ "ಹೂಂ, ಮಾಡ್ರಿ" ಎಂಬ ಒಪ್ಪಿಗೆಯು ಪೂರ್ಣ ಒಪ್ಪಿಗೆಯೆನಿಸದು. ಏನೇನು ಅಳಿಯುವುದೆಂದು ಬಲ್ಲವನು ಮೊದಲು ಹೇಳಬೇಕು, ಏನೇನು ಉಳಿಯಬೇಕೆಂದು ಕೇಳಬೇಕು. ಅನೇಕ ಲಿನಕ್ಸುಗಳು ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಯುವವು. ಹಾಗೆ ನಡೆಸಿ ಕಡತಗಳನ್ನು ಬೇರೊಂದು ಡಿಸ್ಕಿಗೆ ಸಾಗಿಸಲು ಬರುತ್ತದೆ. ಬಿಟ್‌ಲಾಕರಿನ ಬೀಗವಿದ್ದರೆ ಮಾತ್ರ 48 ಅಂಕೆಗಳ ಕೀಲಿಯನ್ನು ಮನೆಯವರೇ ಹುಡುಕಿ ತರಬೇಕಾಗುವುದು.